ಸಾಮಾನ್ಯ ಸಕ್ಕರೆಯಿಂದ ವಿರಳ ಸಕ್ಕರೆ: ಕಿಣ್ವ ತಂತ್ರಜ್ಞಾನದ ಪರಿಚಯ ಹಾಗೂ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳ ರೈತರಿಗೆ ಮಾಹಿತಿ

ಪೀಠಿಕೆ

ತುಮಕೂರು ಜಿಲ್ಲೆಯ ಮಧುಗಿರಿ, ಶಿರಾ, ಕೊರಟಗೆರೆ ಮತ್ತು ಪಾವಗಡ ತಾಲ್ಲೂಕುಗಳು ರಾಜ್ಯದ ಮಧ್ಯ ಒಣ ವಲಯಕ್ಕೆ ಸೇರಿವೆ. ಮಳೆಯಾಶ್ರಿತ ಕಡಲೆಕಾಯಿ, ರಾಗಿ, ತೊಗರಿ, ಹುರುಳಿ ಮತ್ತು ಮುಸುಕಿನ ಜೋಳ ಇಲ್ಲಿನ ಪ್ರಮುಖ ಬೆಳೆಗಳು. ನೀರಿನ ಆಸರೆ ಇರುವೆಡೆ ಅಡಿಕೆ, ತೆಂಗು, ದಾಳಿಂಬೆ ತೋಟಗಳಿವೆ. ಹೈನುಗಾರಿಕೆ ಹಾಗೂ ಕುರಿ ಸಾಕಣೆ ಬಹುತೇಕ ಕುಟುಂಬಗಳಿಗೆ ಆಧಾರವಾಗಿವೆ. ಮಳೆ ಕೈಕೊಟ್ಟ ವರ್ಷಗಳಲ್ಲಿ ಕಡಲೆಕಾಯಿಯ ಇಳುವರಿ ಬೀಜದ ಖರ್ಚಿಗೂ ಸಾಲದೆ ಹೋಗುವುದನ್ನು ಈ ಭಾಗದ ರೈತರು ಬಲ್ಲರು. ಆದ್ದರಿಂದ ಬೆಳೆದ ಬೆಳೆಗೆ ಹೊಸ ಮಾರುಕಟ್ಟೆ ದೊರೆಯುತ್ತದೆಂಬ ಯಾವುದೇ ಸುದ್ದಿ ಕುತೂಹಲ ಕೆರಳಿಸುವುದು ಸಹಜ.

ಇತ್ತೀಚಿನ ವರ್ಷಗಳಲ್ಲಿ ಅಂಥ ಕುತೂಹಲಕ್ಕೆ ಕಾರಣವಾಗಿರುವ ವಿಷಯಗಳಲ್ಲಿ ‘ವಿರಳ ಸಕ್ಕರೆ’ಯೂ ಒಂದು. ಮುಸುಕಿನ ಜೋಳದ ಪಿಷ್ಟ, ಬೆಲ್ಲ, ಕಾಕಂಬಿ, ಪನೀರ್ ತೆಗೆದ ನಂತರ ಉಳಿಯುವ ಹಾಲೊಡಕಿನ ನೀರು ಮುಂತಾದ ಅಗ್ಗದ ಮೂಲಗಳಿಂದ ಕಿಣ್ವಗಳ ನೆರವಿನಿಂದ ದುಬಾರಿ ಸಕ್ಕರೆಗಳನ್ನು ತಯಾರಿಸಬಹುದು ಎಂಬುದು ಅದರ ಸಾರಾಂಶ. ಈ ಮಾತು ನಿಜ. ಆದರೆ ಆ ಬೆಲೆಯ ಎಷ್ಟು ಭಾಗ ಹೊಲದವರೆಗೆ ಬರುತ್ತದೆ, ಇದಕ್ಕಾಗಿ ಬೆಳೆ ಬದಲಿಸುವ ಅಗತ್ಯವಿದೆಯೇ ಎಂಬ ಪ್ರಶ್ನೆಗಳನ್ನು ತಂತ್ರಜ್ಞಾನವನ್ನು ಅರಿತುಕೊಂಡೇ ಉತ್ತರಿಸಬೇಕು. ಈ ಲೇಖನದ ಉದ್ದೇಶ ಅದೇ ಆಗಿದೆ.

ವಿರಳ ಸಕ್ಕರೆ ಎಂದರೇನು?

ನಿಸರ್ಗದಲ್ಲಿ ಹೇರಳವಾಗಿ ದೊರೆಯುವ ಸರಳ ಸಕ್ಕರೆಗಳು ಕೆಲವೇ ಕೆಲವು. ಗ್ಲೂಕೋಸ್, ಫ್ರಕ್ಟೋಸ್, ಗ್ಯಾಲಕ್ಟೋಸ್, ಮ್ಯಾನೋಸ್, ಝೈಲೋಸ್, ರೈಬೋಸ್ ಮತ್ತು ಅರಾಬಿನೋಸ್ ಅವುಗಳಲ್ಲಿ ಮುಖ್ಯವಾದವು. ನಾವು ದಿನನಿತ್ಯ ಬಳಸುವ ಬಿಳಿ ಸಕ್ಕರೆ ಅಂದರೆ ಸುಕ್ರೋಸ್, ಒಂದು ಗ್ಲೂಕೋಸ್ ಮತ್ತು ಒಂದು ಫ್ರಕ್ಟೋಸ್ ಸೇರಿ ಆದದ್ದು. ಹಾಲಿನ ಸಕ್ಕರೆಯಾದ ಲ್ಯಾಕ್ಟೋಸ್, ಗ್ಲೂಕೋಸ್ ಮತ್ತು ಗ್ಯಾಲಕ್ಟೋಸ್ ಸೇರಿ ಆದದ್ದು. ಪಿಷ್ಟವೆಂದರೆ ಸಾವಿರಾರು ಗ್ಲೂಕೋಸ್ ಕಣಗಳ ಸರಪಳಿ.

ಇವುಗಳನ್ನು ಬಿಟ್ಟು, ನಿಸರ್ಗದಲ್ಲಿ ಅತ್ಯಲ್ಪ ಪ್ರಮಾಣದಲ್ಲಿ ಮಾತ್ರ ಕಂಡುಬರುವ ಸರಳ ಸಕ್ಕರೆಗಳನ್ನು ಹಾಗೂ ಅವುಗಳಿಂದ ಪಡೆದ ಪದಾರ್ಥಗಳನ್ನು ವಿರಳ ಸಕ್ಕರೆಗಳೆಂದು ಕರೆಯುತ್ತಾರೆ. ಇವುಗಳ ಸಂಖ್ಯೆ ಸುಮಾರು 50. ಆಹಾರೋದ್ಯಮದ ದೃಷ್ಟಿಯಿಂದ ಮುಖ್ಯವಾದವು ಕೆಳಗಿನಂತಿವೆ.

• ಅಲ್ಯುಲೋಸ್: ಇದರ ಇನ್ನೊಂದು ಹೆಸರು ಸೈಕೋಸ್. ಒಣ ಅಂಜೂರ, ಒಣದ್ರಾಕ್ಷಿ ಮತ್ತು ಕಾಕಂಬಿಯಲ್ಲಿ ಅತಿ ಸ್ವಲ್ಪ ಇರುತ್ತದೆ. ಸಿಹಿ ಬಿಳಿ ಸಕ್ಕರೆಯ ಸುಮಾರು 70 ಭಾಗದಷ್ಟು. ಬಿಳಿ ಸಕ್ಕರೆ ಗ್ರಾಂಗೆ 4 ಕಿಲೋ ಕ್ಯಾಲೊರಿ ಶಕ್ತಿ ನೀಡಿದರೆ, ಅಲ್ಯುಲೋಸ್‌ಗೆ ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು 2019ರಲ್ಲಿ ಗ್ರಾಂಗೆ 0.4 ಕಿಲೋ ಕ್ಯಾಲೊರಿ ಎಂದು ಲೆಕ್ಕ ಹಾಕಲು ಅವಕಾಶ ನೀಡಿತು.

• ಟ್ಯಾಗಟೋಸ್: ಸಿಹಿ ಬಿಳಿ ಸಕ್ಕರೆಯ ಸುಮಾರು 92 ಭಾಗ. ಶಕ್ತಿ ಗ್ರಾಂಗೆ 1.5 ಕಿಲೋ ಕ್ಯಾಲೊರಿ. ಹಾಲಿನ ಸಕ್ಕರೆಯಿಂದ ಇದನ್ನು ಪಡೆಯಬಹುದು.

• ಝೈಲಿಟಾಲ್: ಇದು ಸಕ್ಕರೆಯಿಂದ ಪಡೆದ ಮದ್ಯಸಾರ ವರ್ಗದ ಪದಾರ್ಥ. ಸಿಹಿ ಬಿಳಿ ಸಕ್ಕರೆಯಷ್ಟೇ ಇದ್ದು, ಶಕ್ತಿ ಗ್ರಾಂಗೆ 2.4 ಕಿಲೋ ಕ್ಯಾಲೊರಿ. ಮುಸುಕಿನ ಜೋಳದ ಕಾಳು ಬಿಡಿಸಿದ ದಿಂಡು ಇದರ ಹಳೆಯ ಕಚ್ಚಾವಸ್ತು.

ಅಲ್ಯುಲೋಸ್ ಕಡಿಮೆ ಶಕ್ತಿ ನೀಡಲು ಕಾರಣವಿದೆ. ಸೇವಿಸಿದ ಅಲ್ಯುಲೋಸ್‌ನ ಹೆಚ್ಚಿನ ಭಾಗ ಸಣ್ಣ ಕರುಳಿನಲ್ಲಿ ಹೀರಲ್ಪಟ್ಟರೂ ದೇಹ ಅದನ್ನು ಇಂಧನವಾಗಿ ಬಳಸುವುದಿಲ್ಲ. ಅದು ಮೂತ್ರದ ಮೂಲಕ ಹೊರಹೋಗುತ್ತದೆ. ಆದ್ದರಿಂದ ರಕ್ತದ ಸಕ್ಕರೆಯ ಮಟ್ಟವನ್ನು ಏರಿಸುವುದಿಲ್ಲ. ಸಿಹಿಮೂತ್ರ ರೋಗ ಹೆಚ್ಚುತ್ತಿರುವ ಕಾಲದಲ್ಲಿ ಇದಕ್ಕೆ ಬೇಡಿಕೆ ಬಂದಿರುವುದು ಈ ಗುಣದಿಂದಲೇ.

ಕಿಣ್ವಗಳು ನಿಮಗೆ ಹೊಸತಲ್ಲ

ಕಿಣ್ವವೆಂದರೆ ಜೀವಕೋಶಗಳು ತಯಾರಿಸುವ ಒಂದು ಬಗೆಯ ಸಸಾರಜನಕ. ಅದು ತಾನು ಖರ್ಚಾಗದೆ ಒಂದು ಪದಾರ್ಥವನ್ನು ಇನ್ನೊಂದಾಗಿ ಬದಲಿಸುವ ಕ್ರಿಯೆಯ ವೇಗವನ್ನು ಹೆಚ್ಚಿಸುತ್ತದೆ. ಹೆಸರು ಹೊಸದಾಗಿ ಕಂಡರೂ ಅದರ ಕೆಲಸ ನಮ್ಮ ಮನೆಗಳಲ್ಲಿ ದಿನವೂ ನಡೆಯುತ್ತದೆ.

ರಾಗಿಯನ್ನು ನೆನೆಸಿ, ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿದಾಗ ಕಾಳಿನೊಳಗೆ ಅಮೈಲೇಸ್ ಎಂಬ ಕಿಣ್ವ ಹುಟ್ಟಿ ಪಿಷ್ಟವನ್ನು ಸಕ್ಕರೆಯಾಗಿ ಒಡೆಯುತ್ತದೆ. ಮೊಳಕೆ ರಾಗಿಯ ಹಿಟ್ಟಿನ ಗಂಜಿ ಸಾಮಾನ್ಯ ರಾಗಿ ಗಂಜಿಗಿಂತ ತೆಳುವಾಗಿ, ಸಿಹಿಯಾಗಿ ಇರುವುದು ಇದರಿಂದಲೇ. ಜೇನುನೊಣ ಹೂವಿನ ಮಕರಂದದಲ್ಲಿರುವ ಸುಕ್ರೋಸನ್ನು ಇನ್ವರ್ಟೇಸ್ ಎಂಬ ಕಿಣ್ವದಿಂದ ಗ್ಲೂಕೋಸ್ ಮತ್ತು ಫ್ರಕ್ಟೋಸ್ ಆಗಿ ಒಡೆದು ಜೇನುತುಪ್ಪ ಮಾಡುತ್ತದೆ. ತನ್ನ ಹೆಸರಿನಲ್ಲೇ ಜೇನನ್ನು ಹೊತ್ತ ಮಧುಗಿರಿಯ ಬೆಟ್ಟದ ಹೆಜ್ಜೇನು ಮಾಡುವುದೂ ಈ ಕೆಲಸವನ್ನೇ.

ಕಾರ್ಖಾನೆಗಳಲ್ಲಿ ಕಿಣ್ವಗಳ ಬಳಕೆಗೆ ಅರ್ಧ ಶತಮಾನಕ್ಕೂ ಹೆಚ್ಚಿನ ಇತಿಹಾಸವಿದೆ. ಗ್ಲೂಕೋಸನ್ನು ಹೆಚ್ಚು ಸಿಹಿಯಾದ ಫ್ರಕ್ಟೋಸ್ ಆಗಿ ಬದಲಿಸಬಲ್ಲ ಸೂಕ್ಷ್ಮಾಣು ಕಿಣ್ವವನ್ನು ಅಮೆರಿಕದ ವಿಜ್ಞಾನಿಗಳು 1957ರಲ್ಲಿ ವರದಿ ಮಾಡಿದರು. 1960ರ ದಶಕದಲ್ಲಿ ಜಪಾನಿನ ಸಂಶೋಧಕರು ಅದನ್ನು ಉದ್ಯಮಕ್ಕೆ ಒಗ್ಗಿಸಿದರು. 1967ರ ವೇಳೆಗೆ ಅಮೆರಿಕದಲ್ಲಿ ಮುಸುಕಿನ ಜೋಳದ ಪಿಷ್ಟದಿಂದ ಫ್ರಕ್ಟೋಸ್ ಪಾಕದ ತಯಾರಿಕೆ ಆರಂಭವಾಯಿತು. ವಿರಳ ಸಕ್ಕರೆಯ ಉದ್ಯಮ ಈ ದಾರಿಯ ಮುಂದಿನ ಹೆಜ್ಜೆಯಾಗಿದೆ.

ಮಣ್ಣಿನಲ್ಲಿ ದೊರೆತ ಕಿಣ್ವ

ಫ್ರಕ್ಟೋಸ್ ಮತ್ತು ಅಲ್ಯುಲೋಸ್ ಎರಡರಲ್ಲಿಯೂ ಇಂಗಾಲ, ಜಲಜನಕ, ಆಮ್ಲಜನಕಗಳ ಪ್ರಮಾಣ ಒಂದೇ. ಆರು ಇಂಗಾಲಗಳ ಸಾಲಿನಲ್ಲಿ ಮೂರನೆಯ ಇಂಗಾಲಕ್ಕೆ ಅಂಟಿದ ಒಂದು ಗುಂಪು ಬಲಕ್ಕಿದೆಯೋ ಎಡಕ್ಕಿದೆಯೋ ಎಂಬುದಷ್ಟೇ ವ್ಯತ್ಯಾಸ. ಈ ಒಂದು ಗುಂಪನ್ನು ತಿರುಗಿಸುವ ಕೆಲಸ ರಾಸಾಯನಿಕ ವಿಧಾನದಲ್ಲಿ ಕಷ್ಟ. ಬೇಡದ ಹಲವು ಪದಾರ್ಥಗಳೂ ಜೊತೆಗೆ ಹುಟ್ಟುತ್ತವೆ. ಎಪಿಮರೇಸ್ ಎಂಬ ವರ್ಗದ ಕಿಣ್ವ ಅದನ್ನು ಅಚ್ಚುಕಟ್ಟಾಗಿ ಮಾಡುತ್ತದೆ.

ಜಪಾನಿನ ಕಗಾವಾ ವಿಶ್ವವಿದ್ಯಾಲಯದ ಕೃಷಿ ವಿಭಾಗದ ಪ್ರಾಧ್ಯಾಪಕ ಕೆನ್ ಇಝುಮೊರಿ ಅವರ ತಂಡವು 1990ರ ದಶಕದ ಆರಂಭದಲ್ಲಿ ಇಂಥ ಕಿಣ್ವವಿರುವ ದುಂಡಾಣುವನ್ನು ಪತ್ತೆ ಮಾಡಿತು. ಅದು ದೊರೆತದ್ದು ಅವರ ವಿಭಾಗದ ಆವರಣದ ಮಣ್ಣಿನಲ್ಲಿಯೇ. ದುಂಡಾಣುವಿನ ಹೆಸರು ಸೂಡೊಮೊನಾಸ್ ಸಿಕೋರಿಯೈ. ನೀವು ಬೀಜೋಪಚಾರಕ್ಕೆ ಬಳಸುವ ಸೂಡೊಮೊನಾಸ್ ಫ್ಲೂರೋಸೆನ್ಸ್ ಇದೇ ಕುಲಕ್ಕೆ ಸೇರಿದೆ. ಮುಂದೆ 2006ರಲ್ಲಿ ದಕ್ಷಿಣ ಕೊರಿಯಾದ ವಿಜ್ಞಾನಿಗಳು, ಗಿಡಗಳಲ್ಲಿ ಗಂಟುರೋಗ ತರುವ ಅಗ್ರೊಬ್ಯಾಕ್ಟೀರಿಯಂ ಎಂಬ ಮಣ್ಣಿನ ದುಂಡಾಣುವಿನಿಂದ ಫ್ರಕ್ಟೋಸ್‌ಗೆ ಇನ್ನೂ ಚೆನ್ನಾಗಿ ಹೊಂದುವ ಕಿಣ್ವವನ್ನು ವಿವರಿಸಿದರು. ಅದು ಪ್ರತಿ 100 ಭಾಗ ಫ್ರಕ್ಟೋಸ್‌ನಲ್ಲಿ ಸುಮಾರು 32 ಭಾಗವನ್ನು ಅಲ್ಯುಲೋಸ್ ಆಗಿ ಬದಲಿಸುತ್ತಿತ್ತು.

ಭಾರತದಲ್ಲಿ ಪಂಜಾಬಿನ ಮೊಹಾಲಿಯಲ್ಲಿರುವ, ಕೇಂದ್ರ ಜೈವಿಕ ತಂತ್ರಜ್ಞಾನ ಇಲಾಖೆಯಡಿಯ ಸಂಶೋಧನಾ ಕೇಂದ್ರದಲ್ಲಿ ಈ ಬಗ್ಗೆ ಗಮನಾರ್ಹ ಕೆಲಸ ನಡೆದಿದೆ. ಬಿಸಿನೀರಿನ ಬುಗ್ಗೆಗಳಂಥ ಶಾಖದ ನೆಲೆಗಳ ಸೂಕ್ಷ್ಮಾಣುಗಳಿಂದ ಕಿಣ್ವ ಹುಡುಕುವುದು, ಕಾಕಂಬಿ ಹಾಗೂ ಹಣ್ಣು-ತರಕಾರಿಗಳ ಉಳಿಕೆಯಲ್ಲಿರುವ ಸಕ್ಕರೆಯನ್ನು ಅಲ್ಯುಲೋಸ್ ಆಗಿ ಪರಿವರ್ತಿಸುವುದು ಈ ಸಂಶೋಧನೆಯ ವಿಷಯಗಳು.

ಕಿಣ್ವವನ್ನು ಮಾರ್ಪಡಿಸುವುದೇಕೆ?

ನಿಸರ್ಗದ ಕಿಣ್ವ ದುಂಡಾಣುವಿನ ಅಗತ್ಯಕ್ಕಾಗಿ ರೂಪುಗೊಂಡದ್ದು, ಕಾರ್ಖಾನೆಯ ಕೊಳಾಯಿಗಾಗಿ ಅಲ್ಲ. ಉದ್ಯಮದಲ್ಲಿ ಅದಕ್ಕೆ ನಾಲ್ಕು ತೊಡಕುಗಳು ಎದುರಾಗುತ್ತವೆ.

1. ಶಾಖ: ಸಕ್ಕರೆಯ ಪಾಕ ತಣ್ಣಗಿದ್ದರೆ ಗಟ್ಟಿಯಾಗಿ ಹರಿಯುವುದಿಲ್ಲ, ಬೇರೆ ಸೂಕ್ಷ್ಮಾಣುಗಳೂ ಸೇರುತ್ತವೆ. ಆದ್ದರಿಂದ 55 ರಿಂದ 60 ಡಿಗ್ರಿ ಸೆಲ್ಸಿಯಸ್ ಶಾಖ ಬೇಕಾಗುತ್ತದೆ. ಅನೇಕ ನೈಸರ್ಗಿಕ ಎಪಿಮರೇಸ್‌ಗಳು ಆ ಶಾಖದಲ್ಲಿ ಬೇಗನೆ ಕೆಡುತ್ತವೆ.

2. ರಸಸಾರ: ಈ ಕಿಣ್ವಗಳಲ್ಲಿ ಹಲವು ಕ್ಷಾರದ ಕಡೆಗಿನ ರಸಸಾರದಲ್ಲಿ ಚೆನ್ನಾಗಿ ಕೆಲಸ ಮಾಡುತ್ತವೆ. ಆದರೆ ಬಿಸಿಯಾದ ಸಕ್ಕರೆಯ ದ್ರಾವಣ ಕ್ಷಾರವಾದರೆ ಕಂದು ಬಣ್ಣಕ್ಕೆ ತಿರುಗುತ್ತದೆ. ಬಣ್ಣ ತೆಗೆಯುವ ಖರ್ಚು ಹೆಚ್ಚುತ್ತದೆ. ತಟಸ್ಥ ಅಥವಾ ತುಸು ಆಮ್ಲೀಯ ರಸಸಾರದಲ್ಲಿ ದುಡಿಯುವ ಕಿಣ್ವ ಅಪೇಕ್ಷಣೀಯ.

3. ಲೋಹ: ಈ ಕಿಣ್ವಗಳಿಗೆ ಮ್ಯಾಂಗನೀಸ್ ಅಥವಾ ಕೋಬಾಲ್ಟ್ ಬೇಕು. ಆಹಾರ ಪದಾರ್ಥದಲ್ಲಿ ಕೋಬಾಲ್ಟ್ ಬಳಸುವುದು ಸೂಕ್ತವಲ್ಲ.

4. ಬಾಳಿಕೆ: ಒಮ್ಮೆ ಬಳಸಿ ಬಿಸಾಡುವಂತಾದರೆ ಕಿಣ್ವದ ಖರ್ಚೇ ಸಕ್ಕರೆಯ ಬೆಲೆಯನ್ನು ನುಂಗುತ್ತದೆ.

ಇವುಗಳನ್ನು ನೀಗಿಸಲು ವಿಜ್ಞಾನಿಗಳು ಅನುಸರಿಸುವ ಕ್ರಮ ತಳಿ ಅಭಿವೃದ್ಧಿಯನ್ನು ಹೋಲುತ್ತದೆ. ಕಡಲೆಕಾಯಿಯಲ್ಲಿ ಬರ ತಡೆಯುವ ತಳಿಗಾಗಿ ಸಾವಿರಾರು ಗಿಡಗಳನ್ನು ಬೆಳೆದು, ಒಣ ಹವೆಯಲ್ಲಿ ಉಳಿದವನ್ನು ಆರಿಸಿ, ಅವುಗಳ ಬೀಜವನ್ನು ಮತ್ತೆ ಬಿತ್ತುತ್ತಾರಲ್ಲವೇ? ಹಾಗೆಯೇ ಕಿಣ್ವದ ವಂಶವಾಹಿಯಲ್ಲಿ ಯಾದೃಚ್ಛಿಕವಾಗಿ ಬದಲಾವಣೆಗಳನ್ನು ತಂದು ಸಾವಿರಾರು ರೂಪಗಳನ್ನು ಪಡೆಯುತ್ತಾರೆ. ಅವುಗಳನ್ನು ಕಾಯಿಸಿ, ಕೆಡದೆ ಉಳಿದವನ್ನು ಆರಿಸುತ್ತಾರೆ. ಆರಿಸಿದ್ದರಲ್ಲಿ ಮತ್ತೆ ಬದಲಾವಣೆ ತರುತ್ತಾರೆ. ಈ ವಿಧಾನವನ್ನು ನಿರ್ದೇಶಿತ ವಿಕಾಸ ಎನ್ನುತ್ತಾರೆ. ಇದನ್ನು ಕಿಣ್ವಗಳಿಗೆ ಅನ್ವಯಿಸಿದ್ದಕ್ಕಾಗಿ ಅಮೆರಿಕದ ವಿಜ್ಞಾನಿ ಫ್ರಾನ್ಸೆಸ್ ಆರ್ನಾಲ್ಡ್ ಅವರಿಗೆ 2018ರ ರಸಾಯನಶಾಸ್ತ್ರದ ನೊಬೆಲ್ ಪ್ರಶಸ್ತಿಯ ಅರ್ಧ ಭಾಗ ಸಂದಿತು.

ಎರಡನೆಯ ವಿಧಾನದಲ್ಲಿ ಕಿಣ್ವದ ಮೂರು ಆಯಾಮಗಳ ರಚನೆಯನ್ನು ಅಧ್ಯಯನ ಮಾಡಿ, ಸಡಿಲವಾಗಿರುವ ಜಾಗವನ್ನು ಗುರುತಿಸಿ, ಅಲ್ಲಿನ ಅಮೈನೋ ಆಮ್ಲವನ್ನು ಮಾತ್ರ ಬದಲಿಸುತ್ತಾರೆ. ಅಗ್ರೊಬ್ಯಾಕ್ಟೀರಿಯಂನ ಕಿಣ್ವದಲ್ಲಿ 33ನೆಯ ಸ್ಥಾನದ ಐಸೊಲ್ಯೂಸಿನ್ ಜಾಗದಲ್ಲಿ ಲ್ಯೂಸಿನ್, 213ನೆಯ ಸ್ಥಾನದ ಸೆರಿನ್ ಜಾಗದಲ್ಲಿ ಸಿಸ್ಟೀನ್ ಇರಿಸಿದಾಗ ಶಾಖ ತಡೆಯುವ ಶಕ್ತಿ ಬಹುವಾಗಿ ಹೆಚ್ಚಿತೆಂದು 2011ರಲ್ಲಿ ಪ್ರಕಟವಾದ ಸಂಶೋಧನೆ ತೋರಿಸಿತು. ಇಡೀ ಕಿಣ್ವದಲ್ಲಿ ಬದಲಾದದ್ದು ಕೇವಲ ಎರಡು ಕೊಂಡಿಗಳು.

ಹೀಗೆ ಸುಧಾರಿಸಿದ ಕಿಣ್ವವನ್ನು ಆಹಾರಕ್ಕೆ ಸುರಕ್ಷಿತವೆಂದು ಪರಿಗಣಿಸಲಾದ ಬ್ಯಾಸಿಲಸ್ ಸಬ್ಟಿಲಿಸ್‌ನಂಥ ದುಂಡಾಣುಗಳಲ್ಲಿ ಬೆಳೆಸಿ, ಸಣ್ಣ ಹರಳುಗಳ ಮೇಲೆ ಅಂಟಿಸಿ, ಎತ್ತರದ ಕಂಬದಾಕಾರದ ಪಾತ್ರೆಯಲ್ಲಿ ತುಂಬುತ್ತಾರೆ. ಮೇಲಿನಿಂದ ಫ್ರಕ್ಟೋಸ್ ದ್ರಾವಣ ಹರಿಸಿದರೆ ಕೆಳಗೆ ಫ್ರಕ್ಟೋಸ್ ಮತ್ತು ಅಲ್ಯುಲೋಸ್‌ಗಳ ಮಿಶ್ರಣ ಹೊರಬರುತ್ತದೆ. ಕಿಣ್ವ ಒಳಗೇ ಉಳಿದು ಮತ್ತೆ ಮತ್ತೆ ದುಡಿಯುತ್ತದೆ. ಇಲ್ಲಿ ವಂಶವಾಹಿಯ ಬದಲಾವಣೆ ಆಗಿರುವುದು ಸೂಕ್ಷ್ಮಾಣುವಿನಲ್ಲಿ ಮಾತ್ರ. ನೀವು ಬೆಳೆಯುವ ಮುಸುಕಿನ ಜೋಳಕ್ಕೂ ಅದಕ್ಕೂ ಸಂಬಂಧವಿಲ್ಲ ಎಂಬುದನ್ನು ಗಮನಿಸಿ.

ಕಿಣ್ವ ದಾಟಲಾರದ ಮಿತಿ

ಎಷ್ಟೇ ಸುಧಾರಿಸಿದರೂ ಕಿಣ್ವ ಒಂದು ಮಿತಿಯನ್ನು ದಾಟಲಾರದು. ಕಾಲುವೆಯಿಂದ ಕೂಡಿಸಿದ ಎರಡು ಕೆರೆಗಳನ್ನು ಊಹಿಸಿಕೊಳ್ಳಿ. ಎರಡರ ನೀರಿನ ಮಟ್ಟ ಸಮನಾದೊಡನೆ ಹರಿವು ನಿಲ್ಲುತ್ತದೆ. ಕಾಲುವೆಯನ್ನು ಅಗಲ ಮಾಡಿದರೆ ಆ ಮಟ್ಟವನ್ನು ಬೇಗ ತಲುಪಬಹುದೇ ಹೊರತು ಮಟ್ಟ ಬದಲಾಗದು. ಕಿಣ್ವ ಮಾಡುವುದು ಕಾಲುವೆಯನ್ನು ಅಗಲಗೊಳಿಸುವ ಕೆಲಸವನ್ನು ಮಾತ್ರ. ಫ್ರಕ್ಟೋಸ್‌ನಲ್ಲಿ ಸುಮಾರು ಮೂರನೆಯ ಒಂದು ಭಾಗ ಅಲ್ಯುಲೋಸ್ ಆದಾಗ ಸಮತೋಲ ಉಂಟಾಗಿ ಕ್ರಿಯೆ ನಿಂತಂತಾಗುತ್ತದೆ.

ಇದನ್ನು ಮೀರಲು ಎರಡು ದಾರಿಗಳಿವೆ. ಮೊದಲನೆಯದು, ಒಂದು ಕೆರೆಯಿಂದ ನೀರನ್ನು ಎತ್ತಿ ತೆಗೆಯುವಂತೆ, ಆದ ಅಲ್ಯುಲೋಸನ್ನು ಬೇರ್ಪಡಿಸಿ ಉಳಿದ ಫ್ರಕ್ಟೋಸನ್ನು ಮತ್ತೆ ಕಿಣ್ವದ ಬಳಿಗೆ ಕಳಿಸುವುದು. ಈ ಬೇರ್ಪಡಿಕೆಗೆ ಬೇಕಾದ ಯಂತ್ರಸಾಲು ದುಬಾರಿ. ವಿರಳ ಸಕ್ಕರೆಯ ಬೆಲೆಯ ಗಣನೀಯ ಭಾಗ ಹೋಗುವುದು ಇಲ್ಲಿಗೇ. ಎರಡನೆಯದು, ಪಿಷ್ಟದಿಂದ ನೇರವಾಗಿ ಹಲವು ಕಿಣ್ವಗಳನ್ನು ಒಟ್ಟಿಗೆ ಬಳಸಿ, ಸಕ್ಕರೆಗೆ ರಂಜಕದ ಕೊಂಡಿ ಹಾಕಿ, ಕೊನೆಯ ಹಂತದಲ್ಲಿ ಅದನ್ನು ಕಳಚುವುದು. ಕೊಂಡಿ ಕಳಚಿದ ಮೇಲೆ ಕ್ರಿಯೆ ಹಿಂದಕ್ಕೆ ತಿರುಗುವುದಿಲ್ಲವಾದ್ದರಿಂದ ಇಳುವರಿ ಹೆಚ್ಚು.

ಒಂದು ಕ್ವಿಂಟಾಲ್ ಮುಸುಕಿನ ಜೋಳದ ಲೆಕ್ಕ

ಈ ಮಿತಿಯ ಅರ್ಥವನ್ನು ಒಂದು ಸ್ಥೂಲ ಲೆಕ್ಕದಿಂದ ತಿಳಿಯಬಹುದು.

• 100 ಕಿ.ಗ್ರಾಂ. ಮುಸುಕಿನ ಜೋಳದಿಂದ ಕಾರ್ಖಾನೆಯಲ್ಲಿ ದೊರೆಯುವ ಪಿಷ್ಟ: ಸುಮಾರು 65 ಕಿ.ಗ್ರಾಂ.

• ಆ ಪಿಷ್ಟವನ್ನು ಕಿಣ್ವಗಳಿಂದ ಪೂರ್ತಿ ಒಡೆದಾಗ ಗ್ಲೂಕೋಸ್: ಸುಮಾರು 70 ಕಿ.ಗ್ರಾಂ. (ಒಡೆಯುವಾಗ ನೀರು ಸೇರುವುದರಿಂದ ತೂಕ ತುಸು ಹೆಚ್ಚುತ್ತದೆ.)

• ಗ್ಲೂಕೋಸ್‌ನಲ್ಲಿ ಶೇ. 42ರಷ್ಟು ಫ್ರಕ್ಟೋಸ್ ಆದರೆ: ಸುಮಾರು 29 ಕಿ.ಗ್ರಾಂ.

• ಫ್ರಕ್ಟೋಸ್‌ನಲ್ಲಿ ಶೇ. 30ರಷ್ಟು ಅಲ್ಯುಲೋಸ್ ಆದರೆ: ಸುಮಾರು 9 ಕಿ.ಗ್ರಾಂ.

ಒಂದು ಸುತ್ತಿನಲ್ಲಿ ದೊರೆಯುವುದು ಇಷ್ಟೇ. ಉಳಿದ ಸಕ್ಕರೆ ನಷ್ಟವಾಗುವುದಿಲ್ಲ. ಅದನ್ನು ಮರಳಿ ಬಳಸಬಹುದು ಅಥವಾ ಗ್ಲೂಕೋಸ್ ಪಾಕವಾಗಿ ಮಾರಬಹುದು. ಜೊತೆಗೆ ಮೊಳಕೆಯಂಕುರದ ಎಣ್ಣೆ, ಪಶು ಆಹಾರಕ್ಕೆ ಹೋಗುವ ಗ್ಲುಟನ್ ಮತ್ತು ನಾರು ಸಿಗುತ್ತವೆ. ಆದರೆ ಇದನ್ನೆಲ್ಲ ಬಳಸಿಕೊಳ್ಳಬಲ್ಲದ್ದು ದೊಡ್ಡ ಪಿಷ್ಟ ಕಾರ್ಖಾನೆ ಮಾತ್ರ. ಆಲೆಮನೆಯಲ್ಲಿ ಬೆಲ್ಲ ತೆಗೆದಂತೆ ಊರಿನ ಮಟ್ಟದಲ್ಲಿ ಅಲ್ಯುಲೋಸ್ ತಯಾರಿಸಲು ಸಾಧ್ಯವಿಲ್ಲ.

ಇಲ್ಲಿಂದ ಇನ್ನೊಂದು ಅಂಶವೂ ಸ್ಪಷ್ಟವಾಗುತ್ತದೆ. ಕಾರ್ಖಾನೆಗೆ ಬೇಕಾದದ್ದು ಗ್ಲೂಕೋಸ್. ಅದು ಯಾವ ತಳಿಯ ಜೋಳದಿಂದ ಬಂದರೂ ಒಂದೇ. ಮರಗೆಣಸು, ನುಚ್ಚಕ್ಕಿ, ಕಬ್ಬು ಯಾವುದರಿಂದ ಬಂದರೂ ಒಂದೇ. ಆದುದರಿಂದ ‘ವಿರಳ ಸಕ್ಕರೆಯ ವಿಶೇಷ ತಳಿ’ ಎಂಬುದೊಂದು ಇಲ್ಲ. ಅಂಥ ಬೀಜಕ್ಕೆ ಹೆಚ್ಚಿನ ಬೆಲೆ ಕೊಡುವುದು ವ್ಯರ್ಥ.

ನಾಲ್ಕು ತಾಲ್ಲೂಕುಗಳ ಉತ್ಪನ್ನಗಳು: ಯಾವುದು ಎಷ್ಟು ಉಪಯುಕ್ತ?

ಮುಸುಕಿನ ಜೋಳ: ಪಿಷ್ಟದ ಮೂಲವಾಗಿ ನಮ್ಮ ಬೆಳೆಗಳಲ್ಲಿ ಇದೇ ಮುಖ್ಯ. ಆದರೆ ಹೂ ಬಿಡುವ ಹಾಗೂ ಕಾಳು ಕಟ್ಟುವ ಹಂತದಲ್ಲಿ ತೇವಾಂಶದ ಕೊರತೆಯನ್ನು ಇದು ಸಹಿಸದು. 2018ರಲ್ಲಿ ರಾಜ್ಯದಲ್ಲಿ ಕಾಣಿಸಿಕೊಂಡ ಸೈನಿಕ ಹುಳುವಿನ ಬಾಧೆಯಿಂದ ಬೇಸಾಯದ ಖರ್ಚೂ ಹೆಚ್ಚಿದೆ. ನೀರಾವರಿ ಇಲ್ಲದ ಕೆಂಪು ಮರಳು ಮಿಶ್ರಿತ ಜಮೀನಿನಲ್ಲಿ ಕಡಲೆಕಾಯಿ, ತೊಗರಿ, ರಾಗಿಗಳನ್ನು ಬಿಟ್ಟು ಇದನ್ನೇ ಏಕಬೆಳೆಯಾಗಿ ಹಾಕುವುದು ಸೂಕ್ತವಲ್ಲ.

ಜೋಳದ ದಿಂಡು: ಇದರಲ್ಲಿರುವ ಝೈಲಾನ್ ಎಂಬ ನಾರಿನಿಂದ ಝೈಲೋಸ್, ಅದರಿಂದ ಝೈಲಿಟಾಲ್ ತಯಾರಾಗುತ್ತದೆ. ದಿಂಡು ಹಗುರವಾಗಿದ್ದು ಹೆಚ್ಚು ಜಾಗ ಹಿಡಿಯುವುದರಿಂದ ಸಾಗಾಣಿಕೆ ದುಬಾರಿ. ಹತ್ತಿರದಲ್ಲಿ ಕೊಳ್ಳುವವರಿದ್ದರೆ ಮಾತ್ರ ಲಾಭ. ಇಲ್ಲವಾದಲ್ಲಿ ಗೊಬ್ಬರದ ಗುಂಡಿಗೆ ಪುಡಿ ಮಾಡಿ ಸೇರಿಸುವುದು ಅಥವಾ ಉರುವಲಾಗಿ ಬಳಸುವುದು ಲೇಸು.

ಕಡಲೆಕಾಯಿ: ಬೀಜದ ಬೆಲೆ ಇರುವುದು ಎಣ್ಣೆ ಮತ್ತು ಸಸಾರಜನಕದಲ್ಲಿ. ಸಕ್ಕರೆಯ ಮೂಲವಾಗಿ ಇದಕ್ಕೆ ಸ್ಥಾನವಿಲ್ಲ. ಸಿಪ್ಪೆಯಲ್ಲಿ ಲಿಗ್ನಿನ್ ಅಂಶ ಹೆಚ್ಚಾಗಿರುವುದರಿಂದ ಅದರಿಂದ ಸಕ್ಕರೆ ಬಿಡಿಸುವುದು ಕಷ್ಟ. ಇಟ್ಟಿಗೆಯಾಕಾರದ ಉರುವಲಿಗೆ ಅದು ಹೆಚ್ಚು ಯೋಗ್ಯ.

ಹಾಲೊಡಕಿನ ನೀರು: ಇದರಲ್ಲಿ ಸುಮಾರು ಶೇ. 4.5 ರಿಂದ 5ರಷ್ಟು ಲ್ಯಾಕ್ಟೋಸ್ ಇರುತ್ತದೆ. ಲ್ಯಾಕ್ಟೇಸ್ ಕಿಣ್ವ ಅದನ್ನು ಒಡೆದಾಗ ಸಿಗುವ ಗ್ಯಾಲಕ್ಟೋಸನ್ನು ಅರಾಬಿನೋಸ್ ಐಸೊಮರೇಸ್ ಎಂಬ ಕಿಣ್ವ ಟ್ಯಾಗಟೋಸ್ ಆಗಿ ಬದಲಿಸುತ್ತದೆ. ಮನೆಯಲ್ಲಿ ಪನೀರ್ ಮಾಡುವವರಿಗೆ ಸಿಗುವ ಅಲ್ಪ ಪ್ರಮಾಣಕ್ಕೆ ಇದು ಅನ್ವಯಿಸದು. ಅದನ್ನು ಚಪಾತಿ ಹಿಟ್ಟು ಕಲೆಸಲು ಅಥವಾ ಸಾರಿಗೆ ಬಳಸಬಹುದು.

ಮಾರುಕಟ್ಟೆಯ ಅನಿಶ್ಚಿತತೆಗೆ ಟ್ಯಾಗಟೋಸ್ ಒಂದು ಪಾಠ. ಅಮೆರಿಕದಲ್ಲಿ 2001ರಲ್ಲಿ ಸುರಕ್ಷಿತವೆಂದು ಮಾನ್ಯತೆ ಪಡೆದ ಇದನ್ನು ಯುರೋಪಿನ ದೊಡ್ಡ ಹಾಲು ಸಂಸ್ಥೆ ಮತ್ತು ಸಕ್ಕರೆ ಸಂಸ್ಥೆಗಳೆರಡು ಜೊತೆಗೂಡಿ 2003ರಲ್ಲಿ ಜರ್ಮನಿಯಲ್ಲಿ ತಯಾರಿಸತೊಡಗಿದವು. ನಿರೀಕ್ಷಿತ ಬೇಡಿಕೆ ಬಾರದೆ 2006ರಲ್ಲಿ ತಯಾರಿಕೆ ನಿಂತಿತು. ಬಂಡವಾಳ, ತಂತ್ರಜ್ಞಾನ ಎರಡೂ ಇದ್ದವರಿಗೆ ಹೀಗಾದರೆ, ಒಂದು ಹಂಗಾಮಿನ ಸಾಲದ ಮೇಲೆ ನಿಂತಿರುವ ಸಣ್ಣ ರೈತ ಎಷ್ಟು ಎಚ್ಚರದಿಂದಿರಬೇಕೆಂಬುದನ್ನು ಯೋಚಿಸಬೇಕು.

ಈಗ ನೀವು ಮಾಡಬಹುದಾದದ್ದು

ಪಿಷ್ಟ ಕಾರ್ಖಾನೆ ವಿರಳ ಸಕ್ಕರೆ ತಯಾರಿಸಲಿ, ಸಾಮಾನ್ಯ ಪಾಕವನ್ನೇ ತಯಾರಿಸಲಿ, ಅದು ಕೇಳುವ ಗುಣಮಟ್ಟ ಒಂದೇ: ಒಣಗಿದ, ಶುಚಿಯಾದ, ಬೂಷ್ಟು ಇಲ್ಲದ ಕಾಳು. ಇದನ್ನು ಸಾಧಿಸಿದರೆ ಯಾವ ಮಾರುಕಟ್ಟೆಯಲ್ಲಾದರೂ ಉತ್ತಮ ಬೆಲೆ ಸಿಗುತ್ತದೆ.

1. ತೆನೆಯ ಹೊರಸಿಪ್ಪೆ ಪೂರ್ತಿ ಒಣಗಿ, ಕಾಳಿನ ಬುಡದಲ್ಲಿ ಕಪ್ಪು ಪದರ ಕಾಣಿಸಿದ ಮೇಲೆ ಕೊಯ್ಲು ಮಾಡಿರಿ.

2. ಕೊಯ್ದ ತೆನೆಗಳನ್ನು ಹಸಿಯಾಗಿಯೇ ರಾಶಿ ಹಾಕಬೇಡಿ. ಕಣ ಅಥವಾ ಟಾರ್ಪಾಲಿನ್ ಮೇಲೆ ತೆಳುವಾಗಿ ಹರಡಿ ಒಣಗಿಸಿ. ರಸ್ತೆಯ ಮೇಲೆ ಒಣಗಿಸುವುದರಿಂದ ಕಲ್ಲು, ಧೂಳು ಸೇರುವುದಲ್ಲದೆ ಅಪಘಾತಕ್ಕೂ ಕಾರಣವಾಗುತ್ತದೆ.

3. ಕಾಳಿನ ತೇವಾಂಶ ಶೇ. 14ಕ್ಕಿಂತ ಕಡಿಮೆಯಾಗುವವರೆಗೆ ಒಣಗಿಸಿ. ಹೆಚ್ಚು ಕಾಲ ಸಂಗ್ರಹಿಸುವುದಾದರೆ ಶೇ. 12ಕ್ಕೆ ಇಳಿಸಿ. ತೇವಾಂಶ ಮಾಪಕವನ್ನು ರೈತ ಉತ್ಪಾದಕರ ಸಂಸ್ಥೆಯ ಮೂಲಕ ಸಾಮೂಹಿಕವಾಗಿ ಕೊಳ್ಳಬಹುದು.

4. ಬೂಷ್ಟು ಹಿಡಿದ, ಹುಳು ತಿಂದ ತೆನೆಗಳನ್ನು ಕಾಳು ಬಿಡಿಸುವ ಮೊದಲೇ ಆರಿಸಿ ತೆಗೆಯಿರಿ. ಅಸ್ಪರ್ಜಿಲಸ್ ಶಿಲೀಂಧ್ರ ಉಂಟುಮಾಡುವ ಅಫ್ಲಾಟಾಕ್ಸಿನ್ ವಿಷ ಪಿಷ್ಟಕ್ಕಿಂತ ಹೆಚ್ಚಾಗಿ ಗ್ಲುಟನ್ ಮತ್ತು ನಾರಿನಲ್ಲಿ ಉಳಿದು ಪಶು ಆಹಾರವನ್ನು ಸೇರುತ್ತದೆ. ಅಲ್ಲಿಂದ ಹಾಲಿಗೂ ಬರುತ್ತದೆ. ಧಾನ್ಯಗಳಲ್ಲಿ ಇದರ ಕಾನೂನುಬದ್ಧ ಮಿತಿ ಕಿ.ಗ್ರಾಂ.ಗೆ 15 ಮೈಕ್ರೋಗ್ರಾಂ.

5. ಕಡಲೆಕಾಯಿಗೂ ಈ ಎಚ್ಚರ ಅನ್ವಯಿಸುತ್ತದೆ. ಬೆಳೆಯ ಕೊನೆಯ ಹಂತದಲ್ಲಿ ಬರ ಬಿದ್ದರೆ ನೆಲದೊಳಗೇ ಅಫ್ಲಾಟಾಕ್ಸಿನ್ ಸೇರುತ್ತದೆ. ಕಿತ್ತ ಗಿಡಗಳನ್ನು ಕಾಯಿ ಮೇಲ್ಮುಖವಾಗುವಂತೆ ಇಟ್ಟು ಒಣಗಿಸಿ, ಒಡೆದ ಹಾಗೂ ಸುಕ್ಕಾದ ಕಾಯಿಗಳನ್ನು ಬೇರ್ಪಡಿಸಿ. ಅವುಗಳನ್ನು ದನಕರುಗಳಿಗೆ ತಿನ್ನಿಸಬೇಡಿ.

6. ಒಬ್ಬೊಬ್ಬರೇ ಮಾರುವ ಬದಲು, ಒಂದೇ ಗುಣಮಟ್ಟದ ಕಾಳನ್ನು ಲಾರಿಯ ಲೆಕ್ಕದಲ್ಲಿ ಒಟ್ಟುಗೂಡಿಸಿ ನೇರವಾಗಿ ಕಾರ್ಖಾನೆಯೊಡನೆ ಮಾತನಾಡಿ. ಚೌಕಾಸಿಗೆ ಬಲ ಬರುವುದು ಇದರಿಂದ.

ಒಪ್ಪಂದಕ್ಕೆ ಸಹಿ ಹಾಕುವ ಮುನ್ನ ಕೇಳಬೇಕಾದ ಪ್ರಶ್ನೆಗಳು

ವಿರಳ ಸಕ್ಕರೆಯ ಹೆಸರಿನಲ್ಲಿ ಯಾರಾದರೂ ಬೆಳೆ ಒಪ್ಪಂದ ಅಥವಾ ಹೂಡಿಕೆಯ ಪ್ರಸ್ತಾಪ ತಂದರೆ ಕೆಳಗಿನವನ್ನು ಖಚಿತಪಡಿಸಿಕೊಳ್ಳಿ.

• ಕಾರ್ಖಾನೆ ಈಗಾಗಲೇ ನಡೆಯುತ್ತಿದೆಯೇ? ಎಲ್ಲಿದೆ? ಹೋಗಿ ನೋಡಬಹುದೇ?

• ಆಹಾರ ಸುರಕ್ಷತಾ ಪರವಾನಗಿ ಇದೆಯೇ? ಹೊಸ ಬಗೆಯ ಆಹಾರ ಪದಾರ್ಥಗಳಿಗೆ ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರದ ಪೂರ್ವಾನುಮೋದನೆ ಅಗತ್ಯ ಎಂಬುದು 2017ರ ನಿಯಮ. ಅನುಮೋದನೆಯ ಪತ್ರ ತೋರಿಸುವರೇ?

• ಖರೀದಿ ದರ ಲಿಖಿತವಾಗಿದೆಯೇ? ಕೃಷಿ ಮಾರುಕಟ್ಟೆಯ ಅಂದಿನ ದರಕ್ಕಿಂತ ಕಡಿಮೆಯಾದರೆ ಏನು ಪರಿಹಾರ?

• ಬೀಜ, ಗೊಬ್ಬರ, ಯಂತ್ರಕ್ಕೆಂದು ಮುಂಗಡ ಹಣ ಕೇಳುತ್ತಿದ್ದಾರೆಯೇ? ಕೇಳಿದರೆ ಒಪ್ಪಬೇಡಿ. ಕೊಳ್ಳುವವನು ಹಣ ಕೊಡಬೇಕೇ ಹೊರತು ಬೆಳೆಯುವವನಲ್ಲ.

• ಒಪ್ಪಂದದ ಪ್ರತಿ ಕನ್ನಡದಲ್ಲಿದೆಯೇ? ಗುಣಮಟ್ಟ ತಿರಸ್ಕರಿಸುವ ಅಧಿಕಾರ ಯಾರಿಗಿದೆ?

ಬಳಕೆದಾರರಾಗಿ ಗಮನಿಸಬೇಕಾದದ್ದು

ಮನೆಯಲ್ಲಿ ಸಿಹಿಮೂತ್ರ ರೋಗಿಗಳಿದ್ದರೆ ಇಂಥ ಸಕ್ಕರೆಗಳ ಬಗ್ಗೆ ಆಸಕ್ತಿ ಮೂಡುವುದು ಸಹಜ. ಇವು ಔಷಧಗಳಲ್ಲ, ಸಿಹಿಗೆ ಬದಲಿ ಮಾತ್ರ. ವೈದ್ಯರ ಸಲಹೆ ಇಲ್ಲದೆ ಮಾತ್ರೆ, ಇನ್ಸುಲಿನ್ ನಿಲ್ಲಿಸಬಾರದು. ಅತಿಯಾಗಿ ಸೇವಿಸಿದರೆ ಹೊಟ್ಟೆಯುಬ್ಬರ, ಭೇದಿ ಉಂಟಾಗುತ್ತವೆ. ಕೊರಿಯಾದಲ್ಲಿ ಆರೋಗ್ಯವಂತ ವಯಸ್ಕರ ಮೇಲೆ ನಡೆದ, 2018ರಲ್ಲಿ ಪ್ರಕಟವಾದ ಅಧ್ಯಯನ ದೇಹದ ತೂಕದ ಪ್ರತಿ ಕಿ.ಗ್ರಾಂ.ಗೆ ಒಂದು ಸಲಕ್ಕೆ 0.4 ಗ್ರಾಂ, ದಿನಕ್ಕೆ 0.9 ಗ್ರಾಂ ಅಲ್ಯುಲೋಸನ್ನು ಗರಿಷ್ಠ ಮಿತಿಯಾಗಿ ಸೂಚಿಸಿದೆ. ಅಂದರೆ 60 ಕಿ.ಗ್ರಾಂ. ತೂಕದವರಿಗೆ ಒಂದು ಸಲಕ್ಕೆ 24 ಗ್ರಾಂ, ದಿನಕ್ಕೆ 54 ಗ್ರಾಂ. ಝೈಲಿಟಾಲ್ ನಾಯಿಗಳಿಗೆ ಮಾರಕ ವಿಷವಾದ್ದರಿಂದ ಅದಿರುವ ತಿಂಡಿಯನ್ನು ಸಾಕುನಾಯಿಗೆ ಹಾಕಬಾರದು.

ಬೆಲ್ಲ, ಜೇನುತುಪ್ಪಗಳಲ್ಲಿ ವಿರಳ ಸಕ್ಕರೆ ಇದೆಯೆಂಬ ಕಾರಣಕ್ಕೆ ಅವು ಸಿಹಿಮೂತ್ರಕ್ಕೆ ಒಳ್ಳೆಯದೆಂಬ ಪ್ರಚಾರವನ್ನು ನಂಬಬೇಡಿ. ಅವುಗಳಲ್ಲಿನ ಬಹುಪಾಲು ಸಾಮಾನ್ಯ ಸಕ್ಕರೆಯೇ ಆಗಿದ್ದು, ರಕ್ತದ ಸಕ್ಕರೆಯನ್ನು ಏರಿಸುತ್ತದೆ.

ಮುಖ್ಯಾಂಶಗಳು

• ವಿರಳ ಸಕ್ಕರೆ ತಯಾರಿಕೆ ಸಾಧ್ಯವಾದ, ನಡೆಯುತ್ತಿರುವ ಉದ್ಯಮ. ಅದರ ಬೆಲೆ ಹೆಚ್ಚಾಗಿ ಕಿಣ್ವದಲ್ಲಿ ಮತ್ತು ಬೇರ್ಪಡಿಕೆಯಲ್ಲಿ ಇದೆ, ಕಚ್ಚಾವಸ್ತುವಿನಲ್ಲಿ ಅಲ್ಲ.

• ಇದಕ್ಕೆ ವಿಶೇಷ ತಳಿಯಾಗಲಿ ವಿಶೇಷ ಬೆಳೆಯಾಗಲಿ ಬೇಕಿಲ್ಲ. ಇದಕ್ಕಾಗಿ ಮಳೆಯಾಶ್ರಿತ ಬೆಳೆ ಪದ್ಧತಿಯನ್ನು ಬದಲಿಸಬೇಡಿ.

• ರೈತನ ಪಾಲು ಹೆಚ್ಚುವುದು ಒಣಗಿಸುವಿಕೆ, ಶುಚಿತ್ವ, ವಿಂಗಡಣೆ ಮತ್ತು ಸಾಮೂಹಿಕ ಮಾರಾಟದಿಂದ.

• ಮುಂಗಡ ಹಣ ಕೇಳುವ ಯಾವ ಪ್ರಸ್ತಾಪವನ್ನೂ ಒಪ್ಪಬೇಡಿ.

ಹೆಚ್ಚಿನ ಮಾಹಿತಿಗೆ ನಿಮ್ಮ ಹೋಬಳಿಯ ರೈತ ಸಂಪರ್ಕ ಕೇಂದ್ರವನ್ನು ಅಥವಾ ತುಮಕೂರು ತಾಲ್ಲೂಕಿನ ಹಿರೇಹಳ್ಳಿಯಲ್ಲಿರುವ ಕೃಷಿ ವಿಜ್ಞಾನ ಕೇಂದ್ರವನ್ನು ಸಂಪರ್ಕಿಸಬಹುದು. ಕಾಳು ಅಥವಾ ಕಡಲೆಕಾಯಿಯಲ್ಲಿ ಬೂಷ್ಟಿನ ಸಂಶಯವಿದ್ದರೆ ಮಾರುವ ಮುನ್ನ ಮಾದರಿಯೊಂದಿಗೆ ಭೇಟಿ ನೀಡಿರಿ.